ಟಿಬಿಯೋ, ದೂಳೋ, ಕ್ಯಾನ್ಸರೋ?

ತಾಂಡೂರು ರೈಲು ನಿಲ್ದಾಣದಿಂದ ಆಸ್ಪತ್ರೆಗೆ ಹೊರಟವರಿಗೆ ಎರಡು ದಿಕ್ಕುಗಳಿವೆ. ಪಡುವಣದ ಗಾಡಿ ಹತ್ತಿದರೆ ಸೇಡಂ, ಚಿತ್ತಾಪುರ, ವಾಡಿ ದಾಟಿ ಕಲಬುರಗಿ. ಮೂಡಣದ ಗಾಡಿ ಹತ್ತಿದರೆ ವಿಕಾರಾಬಾದ್ ಮೇಲೆ ಹಾದು ಹೈದರಾಬಾದ್. ವಾಡಿ–ಸಿಕಂದರಾಬಾದ್ ನಡುವೆ 1874ರಲ್ಲಿ ನಿಜಾಮರ ರೈಲು ಓಡಿತು. ಅಂದಿನಿಂದ ಈ ಸೀಮೆಯ ಬದುಕು ಎರಡೂ ಕಡೆಗೆ ಹಂಚಿಹೋಗಿದೆ. ತಾಂಡೂರು ತಾಲ್ಲೂಕು 1956ರವರೆಗೆ ಗುಲ್ಬರ್ಗಾ ಜಿಲ್ಲೆಯದು. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯವು. ರಾಜ್ಯಗಳನ್ನು ಮತ್ತೆ ಕಟ್ಟುವಾಗ ಗೆರೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಪೆದ್ದೆಮುಲ್, ಬಷೀರಾಬಾದ್ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಒಳಗೆ ಕನ್ನಡ, ಬಾಗಿಲ ಹೊರಗೆ ತೆಲುಗು.

ಈ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲಿನ ಪದರು. ಕರ್ನಾಟಕದ ಕಡೆ ಅದಕ್ಕೆ ಶಹಾಬಾದ ಫರಸಿ ಎನ್ನುತ್ತಾರೆ, ಈಚೆ ತೆಲಂಗಾಣದ ಕಡೆ ತಾಂಡೂರು ಕಲ್ಲು. ಕಲ್ಲು ಒಂದೇ, ಕಾಗಿಣಾ ನದಿಯೂ ಒಂದೇ. ಎಬ್ಬಿಸುವ ಖಣಿ, ಕೊಯ್ಯುವ ಗರಗಸ, ನುಣುಪು ಮಾಡುವ ಪಾಲಿಶ್ ಯೂನಿಟ್, ಲಾರಿಗೆ ಹೇರುವ ಹಮಾಲಿ, ಎಲ್ಲ ಕಡೆಯೂ ದೂಳು. ಕೊಯ್ಯುವಾಗ ನೀರು ಬಿಟ್ಟರೆ ದೂಳು ಕೆಸರಾಗಿ ಇಳಿಯುತ್ತದೆ. ಆ ಕೆಸರು ರಸ್ತೆ ಬದಿಯಲ್ಲಿ ಒಣಗಿದ ಮೇಲೆ ಮತ್ತೆ ದೂಳೇ.

ಇಂಥ ಊರಿನಲ್ಲಿ ಐವತ್ತು ದಾಟಿದ ಒಬ್ಬ ಕಲ್ಲು ಕೆಲಸದವನಿಗೆ ಕೆಮ್ಮು ಬಿಡದಿದ್ದರೆ ಮೊದಲು ಎಕ್ಸ್-ರೇ, ಅಲ್ಲಿ ಅನುಮಾನ ಬಂದರೆ ಸಿಟಿ ಸ್ಕ್ಯಾನ್. ರಿಪೋರ್ಟಿನ ಕೊನೆಗೆ ಒಂದು ಸಾಲು ಇರುತ್ತದೆ: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 9 ಮಿ.ಮೀ. ನಾಡ್ಯೂಲ್. ಸುತ್ತ ಗಾಳಿ ತುಂಬಿದ ಅಂಗಾಂಶ, ನಡುವೆ ಬೆಳ್ಳಗೆ ಕಾಣುವ ಗಂಟು. ಅಗಲ 30 ಮಿ.ಮೀ. ಮೀರದಿದ್ದರೆ ವೈದ್ಯರು ಅದನ್ನು ನಾಡ್ಯೂಲ್ ಎಂದು ಕರೆಯುತ್ತಾರೆ, ಮೀರಿದರೆ ಗೆಡ್ಡೆ. ರಿಪೋರ್ಟು ಇಂಗ್ಲಿಷಿನಲ್ಲಿದೆ, ಡಾಕ್ಟರು ತೆಲುಗಿನಲ್ಲಿ ವಿವರಿಸುತ್ತಾರೆ, ಮನೆಗೆ ಹೋಗಿ ಮಗ ಕನ್ನಡದಲ್ಲಿ ಹೇಳುತ್ತಾನೆ. ಅಷ್ಟು ಹೊತ್ತಿಗೆ ‘ಏನೋ ಗಂಟು’ ಎಂಬುದು ‘ಕ್ಯಾನ್ಸರ್ ಅಂತ’ ಆಗಿರುತ್ತದೆ, ಇಲ್ಲವೇ ‘ಏನೂ ಇಲ್ಲಂತ’ ಆಗಿರುತ್ತದೆ. ಎರಡೂ ಅಪಾಯವೇ.

ಏಕೆಂದರೆ ಆ ಗಂಟು ಮೂರರಲ್ಲಿ ಯಾವುದೂ ಆಗಿರಬಹುದು. ಮೊದಲನೆಯದು ಟಿಬಿ ಬಂದು ಹೋದ ಕಲೆ, ಅಥವಾ ಈಗ ಒಳಗೇ ಇರುವ ಟಿಬಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ವಿಕಾರಾಬಾದ್ ಪಕ್ಕದ ಅನಂತಗಿರಿ ಗುಡ್ಡದ ಮೇಲೆ ಹಿಂದೆ ಕ್ಷಯರೋಗದ ಆಸ್ಪತ್ರೆ ಕಟ್ಟಿದ್ದು ಸುಮ್ಮನೆ ಅಲ್ಲ. ಎರಡನೆಯದು ದೂಳು: ಸಿಲಿಕಾ ಕಣ ಒಳಹೊಕ್ಕ ಕಡೆ ಶ್ವಾಸಕೋಶ ಗಂಟುಗಟ್ಟುತ್ತದೆ. ತಾಂಡೂರು ಕಲ್ಲು ಮುಖ್ಯವಾಗಿ ಸುಣ್ಣದ ಕಲ್ಲು. ಗ್ರಾನೈಟು, ಮರಳುಗಲ್ಲು, ಬೆಣಚುಕಲ್ಲಿನಷ್ಟು ಸಿಲಿಕಾ ಅದರಲ್ಲಿಲ್ಲ. ಆದರೆ ಇಲ್ಲಿನ ಕೂಲಿಗಳು ಜೀವನವಿಡೀ ಒಂದೇ ಕಲ್ಲಿನ ಮುಂದೆ ಕೂರುವುದಿಲ್ಲ. ಕೆಲಸ ಸಿಕ್ಕ ಕಡೆ ಹೋಗುತ್ತಾರೆ, ಗ್ರಾನೈಟ್ ಕ್ವಾರಿಗೂ ಹೋಗುತ್ತಾರೆ, ಕ್ರಷರಿಗೂ ಹೋಗುತ್ತಾರೆ.

ಮೂರನೆಯದು ಕ್ಯಾನ್ಸರ್. ಬೀಡಿ ಸೇದಿದವರಿಗೆ ಬರುತ್ತದೆ, ಸೇದದವರಿಗೂ ಬರುತ್ತದೆ. ಸಿಲಿಕಾ ದೂಳು ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ತೀರ್ಮಾನಿಸಿತು. ಸೌದೆ ಒಲೆಯ ಹೊಗೆಯನ್ನು ‘ಕ್ಯಾನ್ಸರ್ ತರುವ ಸಂಭವ ಬಲವಾಗಿದೆ’ ಎಂಬ ಪಟ್ಟಿಗೆ ಸೇರಿಸಿದೆ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಎಲ್ಲರೂ ಸಂತೋಷಪಟ್ಟೆವು. ಆ ತೊಗರಿಯ ಕಟ್ಟಿಗೆ ಒಲೆಗೆ ಹೋಗುತ್ತದೆ, ಅದರ ಹೊಗೆ ಕುಡಿಯುವವಳು ಹೆಂಗಸು ಎನ್ನುವುದನ್ನೂ ಅದರ ಜೊತೆಗೇ ನೆನೆಯಬೇಕು.

ಗುರುತು ತಪ್ಪಿದರೆ ಆಗುವ ಅನ್ಯಾಯಕ್ಕೆ ಎರಡು ಮುಖ. ಕ್ಯಾನ್ಸರನ್ನು ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸುವುದು ನಮ್ಮ ದೇಶದ ವೈದ್ಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾದ ದುರಂತ. ಕ್ಯಾನ್ಸರ್ ಆಸ್ಪತ್ರೆ ತಲುಪುವ ಹೊತ್ತಿಗೆ ಬಹುಪಾಲು ರೋಗಿಗಳು ಮೂರನೆಯ, ನಾಲ್ಕನೆಯ ಹಂತದಲ್ಲಿರುತ್ತಾರೆ. ಇನ್ನೊಂದು ಮುಖ, ಹಳೆಯ ಟಿಬಿ ಕಲೆಗೆ ಹೆದರಿ ಸೂಜಿ ಚುಚ್ಚಿಸಿಕೊಳ್ಳುವುದು, ಎದೆ ಕೊಯ್ಸಿಕೊಳ್ಳುವುದು. ಸಿಟಿ ನೋಡುತ್ತ ಸೂಜಿಯಿಂದ ತುಣುಕು ತೆಗೆಯುವ ಬಯಾಪ್ಸಿಯಲ್ಲಿ ನೂರಕ್ಕೆ ಸುಮಾರು 15 ಮಂದಿಯ ಎದೆಗೂಡಿನಲ್ಲಿ ಗಾಳಿ ಸೋರಿಕೆಯಾಗುತ್ತದೆ ಎಂದು ಅಮೆರಿಕದ ದೊಡ್ಡ ಲೆಕ್ಕವೊಂದು 2011ರಲ್ಲಿ ತೋರಿಸಿತ್ತು. ದೂಳಿನಿಂದ ಮೊದಲೇ ಸೊರಗಿದ ಶ್ವಾಸಕೋಶಕ್ಕೆ ಅದು ಸಣ್ಣ ಮಾತಲ್ಲ.

ಚಿತ್ರ ಏನು ಹೇಳುತ್ತದೆ

ವೈದ್ಯರು ಮೊದಲು ನೋಡುವುದು ಅಳತೆ. ಫ್ಲೈಷ್ನರ್ ಸೊಸೈಟಿ ಎಂಬ ಎದೆಚಿತ್ರ ತಜ್ಞರ ಕೂಟ 2017ರಲ್ಲಿ ಕೊಟ್ಟ ಸಲಹೆ ಹೆಚ್ಚಿನ ಕಡೆ ಚಾಲ್ತಿಯಲ್ಲಿದೆ. ಗಟ್ಟಿ ಗಂಟು 6 ಮಿ.ಮೀ.ಗಿಂತ ಚಿಕ್ಕದಿದ್ದು, ಅಂದರೆ ಒಂದು ತೊಗರಿ ಕಾಳಿನ ಆಸುಪಾಸು ಇದ್ದು, ಬೇರೆ ಅಪಾಯದ ಅಂಶ ಇಲ್ಲದಿದ್ದರೆ ಮತ್ತೆ ಸ್ಕ್ಯಾನ್ ಬೇಕಿಲ್ಲ. 6ರಿಂದ 8 ಮಿ.ಮೀ. ಆದರೆ ಆರು ತಿಂಗಳಿಂದ ವರ್ಷದೊಳಗೆ ಇನ್ನೊಮ್ಮೆ ನೋಡಬೇಕು. 8 ದಾಟಿದರೆ ಮೂರು ತಿಂಗಳಿಗೆ ಮರು ಸ್ಕ್ಯಾನ್, ಪೆಟ್ ಸ್ಕ್ಯಾನ್ ಅಥವಾ ಬಯಾಪ್ಸಿ. ಪೆಟ್ ಸ್ಕ್ಯಾನಿನ ತೊಡಕು ಏನೆಂದರೆ ಅದರಲ್ಲಿ ಟಿಬಿಯೂ ಕ್ಯಾನ್ಸರಿನಂತೆಯೇ ಉರಿದು ಕಾಣುತ್ತದೆ.

ಅಳತೆಗಿಂತ ಹೆಚ್ಚು ಹೇಳುವುದು ಬೆಳವಣಿಗೆ. ಶ್ವಾಸಕೋಶದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಒಂದು ತಿಂಗಳಿಂದ 400 ದಿನಗಳ ನಡುವೆ ತನ್ನ ಗಾತ್ರ ಇಮ್ಮಡಿ ಮಾಡಿಕೊಳ್ಳುತ್ತದೆ. ಸೋಂಕಿನ ಗಂಟಾದರೆ ದಿನಗಳಲ್ಲೇ ಉಬ್ಬಿ ಇಳಿಯಬಹುದು. ಎರಡು ವರ್ಷ ಅಲುಗದ ಗಟ್ಟಿ ಗಂಟು ಬಹುತೇಕ ನಿರಪಾಯ. ಆದರೆ ಗಾತ್ರ ಇಮ್ಮಡಿಯಾದಾಗ ಅಗಲ ಹೆಚ್ಚುವುದು ನೂರಕ್ಕೆ 26ರಷ್ಟು ಮಾತ್ರ, ಅಂದರೆ 8 ಮಿ.ಮೀ. ಇದ್ದದ್ದು ಹೆಚ್ಚುಕಡಿಮೆ 10 ಆಗುತ್ತದೆ. ಇಬ್ಬರು ಅಳೆದರೆ ಇಷ್ಟು ವ್ಯತ್ಯಾಸ ಅಳೆಯುವುದರಲ್ಲೇ ಬಂದುಬಿಡಬಹುದು. ಇಲ್ಲಿ ಕಂಪ್ಯೂಟರಿನ ಕೈ ಮನುಷ್ಯನದಕ್ಕಿಂತ ನಿಖರ. ಅದು ಗಂಟನ್ನು ಪದರು ಪದರಾಗಿ ಕೂಡಿಸಿ ಘನಗಾತ್ರವನ್ನೇ ಲೆಕ್ಕಹಾಕುತ್ತದೆ. ಅಂಚಿನ ಮುಳ್ಳು, ಒಳಗಿನ ಸಾಂದ್ರತೆ, ಸುತ್ತಲ ಅಂಗಾಂಶದ ಎಳೆತ, ಕಣ್ಣಿಗೆ ಸಿಗದ ನೂರಾರು ಗುಣಗಳನ್ನು ಅಂಕಿಗಳಾಗಿ ಮಾಡಿಕೊಳ್ಳುತ್ತದೆ.

ಗೂಗಲ್ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಕೃತಕ ಬುದ್ಧಿಮತ್ತೆಯ ಕೆಲಸ ಬಹಳ ಸುದ್ದಿಯಾಯಿತು. ಅದರಲ್ಲಿ ನನಗೆ ಮುಖ್ಯವೆನಿಸಿದ ಅಂಶ ಮಾತ್ರ ಸುದ್ದಿಯಲ್ಲಿ ಹೆಚ್ಚು ಕಾಣಲಿಲ್ಲ. ಒಂದೇ ಸ್ಕ್ಯಾನ್ ಕೊಟ್ಟಾಗ ಯಂತ್ರ ಆರು ರೇಡಿಯಾಲಜಿಸ್ಟರನ್ನೂ ಮೀರಿಸಿತು. ಅದೇ ರೋಗಿಯ ಹಳೆಯ ಸ್ಕ್ಯಾನನ್ನೂ ಜೊತೆಗೆ ಕೊಟ್ಟಾಗ ಮನುಷ್ಯರೂ ಯಂತ್ರವೂ ಸರಿಸಮವಾದರು. ಹಳೆಯ ಫಿಲ್ಮಿನ ಬೆಲೆ ಅಷ್ಟು ದೊಡ್ಡದು.

ರಕ್ತ ಏನು ಹೇಳುತ್ತದೆ

ಚಿತ್ರ ಆಕಾರವನ್ನು ಹೇಳುತ್ತದೆ, ಒಳಗಿನ ಜೀವಕೋಶ ಏನು ಮಾಡುತ್ತಿದೆ ಎಂಬುದನ್ನು ಹೇಳಲಾರದು. ರಕ್ತ ಪರೀಕ್ಷೆಯ ಆಸೆ ಹುಟ್ಟಿದ್ದು ಅಲ್ಲಿಂದ. ಸಿಇಎ, ಸೈಫ್ರಾ 21-1 ಎಂಬ ಹಳೆಯ ಗುರುತುಗಳಿವೆ. ಕ್ಯಾನ್ಸರಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಯನ್ನು ಸ್ಕಾಟ್ಲೆಂಡಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದರು. ಈಚೆಗೆ ರಕ್ತದಲ್ಲಿ ತೇಲುವ ಡಿಎನ್ಎ ಚೂರುಗಳ ಮೇಲಿನ ಮಿಥೈಲ್ ಗುರುತು ಓದುವ ವಿಧಾನಗಳು ಬಂದಿವೆ.

ಹೆಚ್ಚು ಪರಿಚಿತವಾದದ್ದು ಎರಡು ಪ್ರೋಟೀನುಗಳ ಅಮೆರಿಕದ ಪರೀಕ್ಷೆ. ಎಲ್‌ಜಿ3ಬಿಪಿ, ಸಿ163ಎ ಎಂಬ ಪ್ರೋಟೀನುಗಳ ಅನುಪಾತಕ್ಕೆ ವಯಸ್ಸು, ಧೂಮಪಾನ, ಗಂಟಿನ ಅಳತೆ, ಅಂಚು, ಜಾಗ ಇವನ್ನು ಸೇರಿಸಿ ಲೆಕ್ಕ ಕಟ್ಟುತ್ತಾರೆ. 2018ರಲ್ಲಿ ಪ್ರಕಟವಾದ ಪ್ಯಾನಾಪ್ಟಿಕ್ ಅಧ್ಯಯನದಲ್ಲಿ, ಮೊದಲೇ ಅಪಾಯ ಕಡಿಮೆ ಎನಿಸಿದ್ದವರ ಗುಂಪಿನಲ್ಲಿ, ಅದು ಕ್ಯಾನ್ಸರುಗಳಲ್ಲಿ ನೂರಕ್ಕೆ 97ನ್ನು ಬಿಟ್ಟುಕೊಡಲಿಲ್ಲ. ನಿರಪಾಯ ಗಂಟುಗಳಲ್ಲಿ ನೂರಕ್ಕೆ 44ನ್ನು ಮಾತ್ರ ನಿರಪಾಯವೆಂದು ಬಿಡಿಸಿತು. ಈ ಎರಡು ಅಂಕಿಗಳ ಅರ್ಥವನ್ನು ಕೈಲೆಕ್ಕದಲ್ಲಿ ನೋಡೋಣ. ಗಂಟು ಇರುವ ಸಾವಿರ ಜನ, ಅವರಲ್ಲಿ ನೂರು ಜನಕ್ಕೆ ಕ್ಯಾನ್ಸರ್ ಎಂದಿಟ್ಟುಕೊಳ್ಳಿ. ಪರೀಕ್ಷೆ ‘ಅಪಾಯ ಕಡಿಮೆ’ ಎನ್ನುವುದು 399 ಜನರಿಗೆ, ಅವರಲ್ಲಿ ಕ್ಯಾನ್ಸರ್ ಇರುವವರು 3. ಉಳಿದ 601 ಜನರಲ್ಲಿ ಕ್ಯಾನ್ಸರ್ ಇರುವವರು 97 ಮಾತ್ರ. ಅಂದರೆ ಈ ಪರೀಕ್ಷೆ ಕೊಡುವುದು ಕಾಯಬಹುದು ಎಂಬ ಧೈರ್ಯ. ‘ಕಡಿಮೆ’ ಎಂದು ಬಾರದಿದ್ದವರಿಗೆ ಅದು ಹೆಚ್ಚೇನೂ ಹೇಳುವುದಿಲ್ಲ. ಲ್ಯಾಬಿನ ಬೋರ್ಡಿನಲ್ಲಿ ‘ರಕ್ತದಿಂದ ಕ್ಯಾನ್ಸರ್ ಪತ್ತೆ’ ಎಂದು ಬರೆದಿದ್ದರೆ ಈ ಲೆಕ್ಕ ನೆನಪಿರಲಿ.

ರಕ್ತವನ್ನೂ ಚಿತ್ರವನ್ನೂ ಒಂದೇ ಲೆಕ್ಕಕ್ಕೆ ತರುವ ಕೆಲಸ ಇಲ್ಲಿಂದ ಮುಂದಿನದು. ಅಮೆರಿಕದ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಮೇಯೊ ಆಸ್ಪತ್ರೆಯ ಹಳೆಯ ಅಪಾಯದ ಅಂಕ, ಸೈಫ್ರಾ ರಕ್ತ ಪರೀಕ್ಷೆ, ಸಿಟಿಯಿಂದ ಕಂಪ್ಯೂಟರ್ ತೆಗೆದ ಗುಣಗಳು, ಈ ಮೂರನ್ನೂ ಬೆಸೆದಾಗ ಒಂದೊಂದಾಗಿ ಬಳಸುವುದಕ್ಕಿಂತ ಗುರುತು ಸ್ಪಷ್ಟವಾಗುತ್ತದೆಂದು ತೋರಿಸಿತು. 2023ರಲ್ಲಿ ಚೀನಾದ ಸಂಶೋಧಕರು 5ರಿಂದ 30 ಮಿ.ಮೀ. ಗಂಟುಗಳ ಮೇಲೆ ಡಿಎನ್ಎ ಮಿಥೈಲ್ ಗುರುತು, ಸಿಟಿ ಚಿತ್ರ, ರೋಗಿಯ ವಿವರ ಇವುಗಳ ಬೆಸುಗೆಯನ್ನು ‘ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚೀನಾದಲ್ಲಿ ಟಿಬಿ ಇನ್ನೂ ಇದೆ. ಹಾಗಾಗಿ ಅಮೆರಿಕದ ಅಂಕಿಗಳಿಗಿಂತ ಅಲ್ಲಿಯವು ನಮಗೆ ಸ್ವಲ್ಪ ಹತ್ತಿರ ಎನ್ನಬಹುದು.

ಮೇಲ್ಭಾಗದ ಗಂಟು

ಈಗ ಕಲ್ಲು ಕೆಲಸದವನ ಆ 9 ಮಿ.ಮೀ. ಗಂಟನ್ನು ಈ ಲೆಕ್ಕಗಳಿಗೆ ಕೊಟ್ಟು ನೋಡೋಣ. 1997ರ ಮೇಯೊ ಅಂಕದಲ್ಲೂ 2013ರಲ್ಲಿ ಕೆನಡಾದವರು ಕಟ್ಟಿದ ಬ್ರಾಕ್ ಅಂಕದಲ್ಲೂ ಗಂಟು ಶ್ವಾಸಕೋಶದ ಮೇಲ್ಭಾಗದಲ್ಲಿದ್ದರೆ ಕ್ಯಾನ್ಸರಿನ ಸಂಭವ ಏರುತ್ತದೆ. ಆ ದೇಶಗಳಲ್ಲಿ ಅದು ಸರಿ. ಆದರೆ ಟಿಬಿಗೂ ಮೇಲ್ಭಾಗವೇ ಇಷ್ಟದ ಜಾಗ. ಸಿಲಿಕಾ ಗಂಟುಗಳೂ ಹೆಚ್ಚಾಗಿ ಕಟ್ಟುವುದು ಮೇಲ್ಭಾಗದಲ್ಲೇ. ಅಲ್ಲಿ ಕ್ಯಾನ್ಸರಿನ ಕಡೆ ಬೆರಳು ತೋರುವ ಗುಣ ಇಲ್ಲಿ ಮೂರೂ ಕಡೆ ಬೆರಳು ತೋರುತ್ತದೆ. ಮುಳ್ಳುಮುಳ್ಳಾದ ಅಂಚಿನ ಕತೆಯೂ ಇದೇ, ಮಾಗಿದ ಟಿಬಿ ಕಲೆ ಸುತ್ತಲ ಅಂಗಾಂಶವನ್ನು ಎಳೆದುಕೊಂಡು ಹಾಗೆಯೇ ಕಾಣಬಹುದು.

ರಕ್ತದ ಕಡೆಗೆ ಬಂದರೆ, ಸಿ163ಎ ಎಂಬುದು ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳಿಗೆ ಸೇರಿದ ಪ್ರೋಟೀನು. ಟಿಬಿ ಕ್ರಿಮಿ ಮನೆ ಮಾಡುವುದು ಆ ಕೋಶಗಳ ಒಳಗೇ. ಸಿಲಿಕಾ ಕಣವನ್ನು ನುಂಗಿ ಜೀರ್ಣಿಸಲಾರದೆ ಸಾಯುವುದೂ ಅವೇ. ಹೀಗಿರುವಾಗ ಕಲ್ಲು ಕೆಲಸ ಮಾಡಿದ, ಹಿಂದೆ ಟಿಬಿ ಬಂದಿದ್ದ ಮನುಷ್ಯನ ರಕ್ತದಲ್ಲಿ ಆ ಅನುಪಾತ ಅಮೆರಿಕದ ನಿವೃತ್ತ ಧೂಮಪಾನಿಯ ರಕ್ತದಲ್ಲಿದ್ದಂತೆಯೇ ಇರುತ್ತದೆಂದು ನಂಬಲು ನನಗೆ ಆಧಾರ ಕಾಣುವುದಿಲ್ಲ. ಚಿತ್ರ ಓದುವ ಯಂತ್ರಗಳ ಕತೆಯೂ ಇದೇ. ಅಮೆರಿಕದ 53,454 ಜನರ ಮೇಲೆ ನಡೆದ ದೊಡ್ಡ ತಪಾಸಣೆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣದ ಸಿಟಿಯಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಇಳಿಯುತ್ತದೆಂದು ತೋರಿಸಿದ ಅಧ್ಯಯನ ಅದು. ಅದರಲ್ಲೇ ಅನುಮಾನಾಸ್ಪದವೆಂದು ಬಂದ ಫಲಿತಾಂಶಗಳಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಟಿಬಿ ಅಪರೂಪವಾದ ದೇಶದ ಲೆಕ್ಕವೇ ಹೀಗೆ. ಎಷ್ಟೋ ಯಂತ್ರಗಳು ಪಾಠ ಕಲಿತದ್ದು ಆ ಅಧ್ಯಯನದ ಚಿತ್ರಗಳಿಂದಲೇ. 55ರಿಂದ 74 ವಯಸ್ಸಿನ, ಭಾರೀ ಸಿಗರೇಟು ಸೇದಿದ ಅವರ ನಡುವೆ ಒಲೆ ಮುಂದೆ ಕೂತ ನಮ್ಮ ಅತ್ತೆ, ಅಮ್ಮಂದಿರು ಇಲ್ಲ.

ನಾನು ಈ ತಂತ್ರಜ್ಞಾನದ ವಿರೋಧಿಯಲ್ಲ. ನಮಗೆ ಇದು ಅವರಿಗಿಂತ ಹೆಚ್ಚು ಬೇಕು ಎಂದೇ ನನ್ನ ವಾದ. ಒಂದೇ ಅನುಮಾನ ಇರುವಲ್ಲಿ ಒಂದು ಪರೀಕ್ಷೆ ಸಾಲಬಹುದು, ಮೂರು ಅನುಮಾನ ಇರುವಲ್ಲಿ ರಕ್ತ, ಕಫ, ಚಿತ್ರ ಮೂರನ್ನೂ ಕೂಡಿಸಿ ನೋಡುವ ಲೆಕ್ಕವೇ ದಾರಿ. ಆದರೆ ಆ ಲೆಕ್ಕ ನಮ್ಮ ಗಂಟುಗಳನ್ನು ನೋಡಿ ಕಲಿತಿರಬೇಕು. ‘ಕ್ಯಾನ್ಸರ್ ಹೌದೋ ಅಲ್ಲವೋ’ ಎಂದು ಕೇಳುವ ಯಂತ್ರ ಇಲ್ಲಿಗೆ ಸಾಲದು. ‘ಟಿಬಿಯೋ, ದೂಳೋ, ಕ್ಯಾನ್ಸರೋ, ಅಥವಾ ಎರಡು ಕೂಡಿವೆಯೋ’ ಎಂದು ಕೇಳುವ ಯಂತ್ರ ಬೇಕು. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಟಿಬಿ ತಗಲುವ ಸಂಭವ ಹಲವು ಪಟ್ಟು ಹೆಚ್ಚು. ಎರಡು ಕೂಡಿರುವುದು ಇಲ್ಲಿ ವಿಚಿತ್ರವೇನಲ್ಲ.

ಬೇಕಾದ ತುಂಡುಗಳು ದೇಶದೊಳಗೇ ಇವೆ. ಅಹಮದಾಬಾದಿನಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದೆ, ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ. ಆ ಸಂಸ್ಥೆಯವರು ಸಿಲಿಕಾ ದೂಳಿನ ರೋಗವಾದ ಸಿಲಿಕೋಸಿಸ್ಸನ್ನು ಎಕ್ಸ್-ರೇಗಿಂತ ಮೊದಲೇ ಹಿಡಿಯಲು ಸಿಸಿ16 ಎಂಬ ಪ್ರೋಟೀನನ್ನು ಆರಿಸಿಕೊಂಡು ರಕ್ತ ಪರೀಕ್ಷೆ ರೂಪಿಸಿದ್ದಾರೆ. ಸಣ್ಣ ಶ್ವಾಸನಾಳಗಳ ಕ್ಲಬ್ ಕೋಶಗಳು ಇದನ್ನು ಸ್ರವಿಸುತ್ತವೆ. ದೂಳಿನ ಪೆಟ್ಟಿಗೆ ಆ ಕೋಶಗಳು ಸತ್ತಂತೆ ರಕ್ತದಲ್ಲಿ ಸಿಸಿ16 ಇಳಿಯುತ್ತದೆ. ಬೀಡಿ ಸೇದುವವರಲ್ಲೂ ಇಳಿಯುತ್ತದೆ, ಆದ್ದರಿಂದ ಅದೊಂದೇ ಸಾಕ್ಷಿ ಸಾಲದು. ಎದೆಚಿತ್ರ ಪಕ್ಕದಲ್ಲಿರಬೇಕು. ಕಫದಲ್ಲಿ ಟಿಬಿ ಹುಡುಕಲು ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಇದೆ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದೆ. ಎಕ್ಸ್-ರೇ ಓದಿ ಟಿಬಿ ಅನುಮಾನ ಹೇಳುವ ಸಾಫ್ಟ್‌ವೇರುಗಳನ್ನು ಅದೇ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಅವುಗಳಲ್ಲಿ ಒಂದನ್ನು ಮಾಡಿದ ಮುಂಬಯಿಯ ಕ್ಯೂರ್ ಡಾಟ್ ಎಐ ಕಂಪನಿ ನಾಡ್ಯೂಲ್ ಗುರುತಿಸುವ ಸಾಫ್ಟ್‌ವೇರನ್ನೂ ಮಾಡಿದೆ.

ಡಿಸೆಂಬರ್ 2024ರಲ್ಲಿ ಕೇಂದ್ರ ಸರ್ಕಾರ ಟಿಬಿ ಹುಡುಕುವ ನೂರು ದಿನದ ಅಭಿಯಾನ ಶುರು ಮಾಡಿದಾಗ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರಗಳು ಹಳ್ಳಿಗಳಿಗೆ ಬಂದವು. ಅಂಥ ಶಿಬಿರದಲ್ಲಿ ಸಾಫ್ಟ್‌ವೇರ್ ‘ಅನುಮಾನ’ ಎನ್ನುತ್ತದೆ, ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದು ಬರುತ್ತದೆ. ಟಿಬಿ ಕಾರ್ಯಕ್ರಮದ ಮಟ್ಟಿಗೆ ಆ ಮನುಷ್ಯನ ಕಡತ ಮುಗಿಯಿತು. ನನ್ನ ದೃಷ್ಟಿಯಲ್ಲಿ ಶುರುವಾಗಬೇಕಾದದ್ದು ಅಲ್ಲಿಯೇ. ಎಕ್ಸ್-ರೇಯಲ್ಲಿ ನೆರಳಿದ್ದು ಕಫದಲ್ಲಿ ಕ್ರಿಮಿ ಇಲ್ಲದವನಿಗೆ ಸಿಟಿ ಆಗಬೇಕು, ಏನು ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಎಂಥ ಒಲೆ ಎಂದು ಕೇಳಿ ಬರೆದುಕೊಳ್ಳಬೇಕು, ಒಂದು ಸಿರಿಂಜು ರಕ್ತ ತೆಗೆದಿಡಬೇಕು, ಎರಡು ವರ್ಷ ಬೆನ್ನುಹತ್ತಬೇಕು. ಆಗ ಯಾವ ಗಂಟು ಏನಾಯಿತು ಎಂಬ ಉತ್ತರ ನಮ್ಮ ಕೈಯಲ್ಲಿರುತ್ತದೆ, ಯಂತ್ರಕ್ಕೆ ಕಲಿಸಲು ಬೇಕಾದದ್ದು ಆ ಉತ್ತರವೇ. ತಾಂಡೂರು, ಸೇಡಂ, ಚಿತ್ತಾಪುರದ ಕಲ್ಲು ಕೆಲಸದವರನ್ನು ಒಂದೇ ಪಟ್ಟಿಯಲ್ಲಿ ಹಿಡಿಯದೆ ಇದು ಆಗುವುದಿಲ್ಲ. ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಒಂದು ಮೇಜಿಗೆ ಕೂರಬೇಕು. ಕಾರ್ಮಿಕ ಕಾಯ್ದೆಯ ಪ್ರಕಾರ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು. ನೋಂದಣಿಯೇ ಇಲ್ಲದ ಸಣ್ಣ ಯೂನಿಟಿನ ಕೂಲಿ ಆ ಕಾಯ್ದೆಯ ಕಣ್ಣಿಗೇ ಬೀಳುವುದಿಲ್ಲ.

ಗಡಿಯ ರೋಗಿಗೆ ಇನ್ನೊಂದು ಕಷ್ಟವಿದೆ. ಮೊದಲ ಎಕ್ಸ್-ರೇ ತಾಂಡೂರಿನದು, ಸಿಟಿ ಕಲಬುರಗಿಯದು, ಬಯಾಪ್ಸಿಗೆ ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಅಥವಾ ನಿಮ್ಸ್. ತೆಲಂಗಾಣದ ಆರೋಗ್ಯಶ್ರೀ ಕಾರ್ಡು ಒಂದು ಕಡೆ ನಡೆಯುತ್ತದೆ, ನೆಂಟರ ಊರಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇನ್ನೊಂದು ಕಡೆ. ಪ್ರತಿ ಆಸ್ಪತ್ರೆಯಲ್ಲೂ ಹೊಸ ಸ್ಕ್ಯಾನ್, ಹಳೆಯದು ಯಾವುದೋ ಮನೆಯ ಟ್ರಂಕಿನಲ್ಲಿ. ಹಳೆಯ ಸ್ಕ್ಯಾನ್ ಜೊತೆಗಿದ್ದರೆ ಯಂತ್ರಕ್ಕೆ ಸರಿಸಮನಾಗುವ ರೇಡಿಯಾಲಜಿಸ್ಟ್ ಅದಿಲ್ಲದೆ ಊಹೆ ಮಾಡಬೇಕಾಗುತ್ತದೆ.

ಆದ್ದರಿಂದ ಗಂಟು ಇದೆ ಎಂದು ಯಾರಿಗಾದರೂ ಹೇಳಿದ್ದರೆ, ಇವತ್ತೇ ಮಾಡಬಹುದಾದ ಕೆಲಸಗಳಿವೆ. ಹತ್ತು ವರ್ಷ ಹಿಂದಿನದಾದರೂ ಸರಿ, ಎದೆಯ ಪ್ರತಿ ಫಿಲ್ಮನ್ನೂ ಹುಡುಕಿ ಒಂದೇ ಚೀಲದಲ್ಲಿಡಿ, ಮೇಲೆ ತಾರೀಖು ಬರೆಯಿರಿ. ಹಿಂದೆ ಟಿಬಿ ಮಾತ್ರೆ ತೆಗೆದುಕೊಂಡಿದ್ದರೆ ಆ ಕಾರ್ಡು, ಟಿಬಿ ಕಾರ್ಯಕ್ರಮದ ನಿಕ್ಷಯ್ ಸಂಖ್ಯೆ ಜೊತೆಗಿರಲಿ. ಡಾಕ್ಟರು ಕೇಳದಿದ್ದರೂ ಕಲ್ಲಿನ ಕೆಲಸ ಎಷ್ಟು ವರ್ಷ ಮಾಡಿದಿರಿ ಎಂದು ನೀವಾಗಿ ಹೇಳಿ. ಹೆಣ್ಣುಮಕ್ಕಳು ಒಲೆಯ ವಿಷಯ ಹೇಳಲಿ. ಸ್ಕ್ಯಾನ್ ಸೆಂಟರಿನಲ್ಲಿ ಫಿಲ್ಮಿನ ಜೊತೆಗೆ ಸಿಡಿಯನ್ನೂ ಕೇಳಿ ಪಡೆಯಿರಿ, ಇಲ್ಲವೇ ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ. ಫಿಲ್ಮಿನಲ್ಲಿ ಅಚ್ಚಾಗುವುದು ಆಯ್ದ ಕೆಲವು ಪದರುಗಳು ಮಾತ್ರ. ಒಂದು ಒಂದೂವರೆ ಮಿ.ಮೀ. ದಪ್ಪದ ತೆಳು ಪದರುಗಳೆಲ್ಲ ಸಿಡಿಯಲ್ಲಿರುವಂತೆ ಹೇಳಿ ಹಾಕಿಸಿಕೊಳ್ಳಬೇಕು. ಗಂಟಿನ ಘನಗಾತ್ರ ಅಳೆಯಲು, ನಾಳೆ ಯಾವುದಾದರೂ ಸಾಫ್ಟ್‌ವೇರಿಗೆ ತೋರಿಸಲು ಬೇಕಾಗುವುದು ಆ ಪದರುಗಳೇ.